ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೆ: ಯೋಧರ ಕುಟುಂಬ ಮತ್ತೆ ಹೊಂದಿಕೊಳ್ಳುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ತಿಂಗಳುಗಟ್ಟಲೆ ದೂರದ ಡ್ಯೂಟಿಯಲ್ಲಿದ್ದವರು ಮನೆಗೆ ಬರುತ್ತಾರೆ. ಮೊದಲ ಎರಡು ದಿನ ಎಲ್ಲರಿಗೂ ಖುಷಿ. ಮೂರನೇ ದಿನವೋ ನಾಲ್ಕನೇ ದಿನವೋ ಅಡುಗೆಮನೆಯ ಡ್ರಾಯರ್ ಎಳೆದು, "ಚಮಚ ಇಲ್ಲೇ ಇರ್ತಿತ್ತಲ್ಲ, ಎಲ್ಲಿ ಹೋಯ್ತು?" ಅನ್ನುತ್ತಾರೆ. "ಅದನ್ನ ಬೇರೆ ಕಡೆ ಇಟ್ಟು ಎಷ್ಟೋ ದಿನ ಆಯ್ತು" ಅಂತ ಉತ್ತರ ಬರುತ್ತದೆ. ದನಿಯಲ್ಲಿ ಸಣ್ಣ ಕಿರಿಕಿರಿ. ಐದು ನಿಮಿಷದಲ್ಲಿ ಮಾತಿಗೆ ಮಾತು ಬೆಳೆದಿರುತ್ತದೆ. ಚಮಚಕ್ಕಾಗಿ ಇಷ್ಟು ಜಗಳ ಯಾಕೆ ಅಂತ ಇಬ್ಬರಿಗೂ ಅರ್ಥವಾಗಿರುವುದಿಲ್ಲ.

ಕಾರಣ ಸರಳ. ಅವರು ಇಲ್ಲದಾಗ ಮನೆ ಅವರಿಲ್ಲದೆ ನಡೆಯುವುದನ್ನು ಕಲಿತುಬಿಟ್ಟಿರುತ್ತದೆ. ಕಲಿಯದೆ ಬೇರೆ ದಾರಿ ಇರಲಿಲ್ಲ. ಅತ್ತ ಅವರೂ ಮನೆಯಿಲ್ಲದೆ ಬದುಕುವುದನ್ನು ಕಲಿತಿರುತ್ತಾರೆ. ಈಗ ಆಗಬೇಕಾದ ಕೆಲಸವೆಂದರೆ, ನಡೆಯುತ್ತಿರುವ ಮನೆಯಲ್ಲಿ ಬಂದವರಿಗೆ ಹೊಸದಾಗಿ ಜಾಗ ಮಾಡುವುದು. ಹೋಗುವ ಮುಂಚೆ ಇದ್ದ ಮನೆಯನ್ನೇ ವಾಪಸ್ ತರಲು ಹೊರಟವರು ಜಾಸ್ತಿ ಒದ್ದಾಡುತ್ತಾರೆ. ಆ ಮನೆ ಈಗ ಇಲ್ಲ. ಮಕ್ಕಳು ಬೆಳೆದಿದ್ದಾರೆ, ಸಂಗಾತಿ ಬದಲಾಗಿದ್ದಾರೆ, ಬಂದವರೂ ಬದಲಾಗಿದ್ದಾರೆ.

ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಅಮೆರಿಕದ ನೌಕಾಪಡೆಯ ಕುಟುಂಬಗಳ ಅನುಭವದ ಮೇಲೆ ಕ್ಯಾಥ್ಲೀನ್ ವೆಸ್ಟಲ್ ಲೋಗನ್ 1987ರಲ್ಲಿ ಒಂದು ಲೇಖನ ಬರೆದರು. ಹೊರಡುವ ಮುಂಚಿನಿಂದ ಹಿಡಿದು ಬಂದ ಮೇಲಿನವರೆಗೆ ಮನೆಯವರ ಮನಸ್ಸು ಏಳು ಘಟ್ಟ ದಾಟುತ್ತದೆ ಅಂತ ಅವರು ಗುರುತಿಸಿದ್ದರು. 2001ರಲ್ಲಿ ಸೈಮನ್ ಪಿಂಕಸ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಐದು ಘಟ್ಟಗಳಾಗಿ ಮತ್ತೆ ಬರೆದರು. ಅವರ ಪ್ರಕಾರ ಕೊನೆಯ ಘಟ್ಟ, ಅಂದರೆ ಮನೆಗೆ ಬಂದ ಮೇಲಿನ ಕಾಲ, ಸಾಮಾನ್ಯವಾಗಿ 3ರಿಂದ 6 ತಿಂಗಳು. ಹಾಗಾಗಿ ಒಂದು ವಾರದ ಸಂಭ್ರಮಕ್ಕೆ ತಯಾರಾದರೆ ಸಾಲದು. ಅರ್ಧ ವರ್ಷದ ಲೆಕ್ಕ ಇಟ್ಟುಕೊಳ್ಳಿ. ಎರಡನೇ ವಾರದಲ್ಲಿ "ಯಾಕೋ ಸರಿಹೋಗ್ತಾ ಇಲ್ಲ" ಅನ್ನಿಸಿದರೆ ಏನೋ ಕೆಟ್ಟುಹೋಗಿದೆ ಅಂತ ಅರ್ಥವಲ್ಲ. ಇನ್ನೂ ಶುರುವಿನಲ್ಲೇ ಇದ್ದೀರಿ, ಅಷ್ಟೇ.

ಹಂತ 1: ಬರುವ ಮುಂಚೆಯೇ ಮಾತಾಡಿಕೊಳ್ಳಿ

ಬರುವ ತಾರೀಕು ಗೊತ್ತಾದ ಮೇಲೆ, ಮನೆಯಲ್ಲಿರುವವರ ತಲೆಯಲ್ಲಿ ಒಂದು ಚಿತ್ರ ಓಡುತ್ತಿರುತ್ತದೆ, ಬರುವವರ ತಲೆಯಲ್ಲಿ ಇನ್ನೊಂದು. ನೀವು ನೆಂಟರನ್ನೆಲ್ಲ ಕರೆದು ಊಟ ಹಾಕಿಸುವ ಯೋಚನೆಯಲ್ಲಿದ್ದೀರಿ. ಅವರಿಗೆ ಬಾಗಿಲು ಹಾಕಿಕೊಂಡು ಎರಡು ದಿನ ಮಲಗಿದರೆ ಸಾಕಾಗಿದೆ. ಈ ಎರಡು ಚಿತ್ರಗಳು ಬಾಗಿಲಲ್ಲೇ ಡಿಕ್ಕಿ ಹೊಡೆಯದಿರಲಿ ಅಂದರೆ ಫೋನಿನಲ್ಲೇ ನೇರವಾಗಿ ಕೇಳಿಬಿಡಿ: "ಮೊದಲ ದಿನ ಯಾರ್ಯಾರು ಇರಬೇಕು? ಏನೂ ಮಾಡದೆ ಸುಮ್ನೆ ಇರಬೇಕು ಅಂತಿದ್ದೀರಾ?"

ಯಾರು ಕರೆತರಲು ಹೋಗಬೇಕು ಅನ್ನುವುದೂ ಮೊದಲೇ ತೀರ್ಮಾನವಾಗಲಿ. ಹೆಂಡತಿ ಮಕ್ಕಳು ಮಾತ್ರ ಹೋಗುವುದಾ, ಅಪ್ಪ ಅಮ್ಮನೂ ಬರುವುದಾ? ಅಪ್ಪ ಅಮ್ಮನೂ ಇಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದವರು. ಅವರನ್ನು ಬಿಟ್ಟು ತೀರ್ಮಾನ ಮಾಡಿದರೆ ಆ ನೋವು ವರ್ಷಗಟ್ಟಲೆ ಉಳಿಯುತ್ತದೆ. ಈ ಮಾತನ್ನು ಹೆಂಡತಿಯ ಬಾಯಲ್ಲಿ ಹೇಳಿಸಬೇಡಿ. ಬರುವವರೇ ಫೋನ್ ಮಾಡಿ ತಮ್ಮ ಅಪ್ಪ ಅಮ್ಮನಿಗೆ ಹೇಳಲಿ.

ಇನ್ನೊಂದು ಕೆಲಸ ಇದೆ. ಒಂದು ಹಾಳೆ ತೆಗೆದುಕೊಂಡು, ಅವರು ಹೋದ ಮೇಲೆ ಮನೆಯಲ್ಲಿ ಬದಲಾದದ್ದನ್ನೆಲ್ಲ ಬರೆಯಿರಿ. ಚಿಕ್ಕದು ದೊಡ್ಡದು ಅಂತ ನೋಡಬೇಡಿ. ಮಗಳು ಈಗ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಮಗ ಸೈಕಲ್ ಕಲಿತ. ಬಿಲ್ ಕಟ್ಟುವುದೆಲ್ಲ ಈಗ ಮೊಬೈಲ್‌ನಲ್ಲಿ. ಪಾಸ್‌ವರ್ಡ್ ಬದಲಾಗಿದೆ. ಸೋಫಾ ಜಾಗ ಬದಲಾಗಿದೆ. ಪಕ್ಕದ ಮನೆಯವರು ತೀರಿಕೊಂಡರು. ಮನೆಯ ನಾಯಿಗೆ ಹುಷಾರಿಲ್ಲ. ಇದನ್ನು ಬರುವ ಮುಂಚೆಯೇ ಹೇಳಿ, ಇಲ್ಲವೇ ಕಳಿಸಿ. ಒಂದೊಂದೂ ಸಣ್ಣದೇ. ಆದರೆ ಬಂದ ದಿನ ಇಷ್ಟನ್ನೂ ಒಟ್ಟಿಗೆ ನೋಡಿದವರಿಗೆ ಯಾರದೋ ಮನೆಗೆ ಬಂದ ಹಾಗಾಗುತ್ತದೆ. ಸರ್ಪ್ರೈಸ್ ಕೊಡಬೇಕು ಅಂತ ಇಡೀ ಮನೆಯನ್ನು ಬದಲಾಯಿಸಿಡುವ ಆಸೆ ಕೆಲವರಿಗೆ ಇರುತ್ತದೆ. ದಯವಿಟ್ಟು ಬೇಡ.

ಸೇನೆಯಲ್ಲಿ ತಾರೀಕು ಮುಂದಕ್ಕೆ ಹೋಗುವುದು ಮಾಮೂಲಿ. ಚಿಕ್ಕ ಮಕ್ಕಳಿಗೆ "ಈ ತಿಂಗಳ ಕೊನೆ ಹೊತ್ತಿಗೆ" ಅಂತ ಹೇಳಿದರೆ ಸಾಕು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿ ಎಣಿಸುತ್ತಾ ಕೂರಿಸಿದರೆ, ಒಂದು ವಾರ ತಡವಾದಾಗ ಸಮಾಧಾನ ಮಾಡುವುದು ಕಷ್ಟ.

ಮನೆಯಲ್ಲಿರುವವರಿಗೆ ಒಂದು ಮಾತು. "ಬರ್ತಿದ್ದಾರೆ" ಅನ್ನುವ ಖುಷಿಯ ಜೊತೆಗೇ "ಇನ್ನು ನನ್ನಿಷ್ಟದ ಹಾಗೆ ಇರೋಕಾಗಲ್ಲ" ಅನ್ನುವ ಸಣ್ಣ ಬೇಸರ ಇಣುಕುವುದುಂಟು. ಅದಕ್ಕೆ ನಾಚಿಕೆಪಡಬೇಕಿಲ್ಲ. ಒಂಟಿಯಾಗಿ ಇಡೀ ಮನೆ ನಿಭಾಯಿಸಿದವರಿಗೆ ಆ ಭಾವನೆ ಬರುತ್ತದೆ. ಪ್ರೀತಿ ಕಮ್ಮಿಯಾಗಿದೆ ಅಂತ ಅದರ ಅರ್ಥ ಅಲ್ಲ.

ಹಂತ 2: ಮೊದಲ ಮೂರು ದಿನ, ಆದಷ್ಟು ಕಮ್ಮಿ

ಇರಾಕ್, ಅಫ್ಘಾನಿಸ್ತಾನದಿಂದ ವಾಪಸಾಗುತ್ತಿದ್ದ ಬ್ರಿಟಿಷ್ ಸೈನಿಕರನ್ನು ನೇರವಾಗಿ ಮನೆಗೆ ಕಳಿಸದೆ, ಸೈಪ್ರಸ್ ದ್ವೀಪದಲ್ಲಿ ಸುಮಾರು 24ರಿಂದ 36 ಗಂಟೆ ಇಳಿಸುತ್ತಿದ್ದರು. ಸ್ನಾನ, ಸಮುದ್ರದಲ್ಲಿ ಈಜು, ಒಟ್ಟಿಗೆ ಊಟ, ಮನೆಗೆ ಹೋದ ಮೇಲೆ ಏನೇನಾಗಬಹುದು ಅನ್ನುವ ಒಂದಿಷ್ಟು ಮಾತು. ಯುದ್ಧಭೂಮಿಯಿಂದ ಮನೆಯ ಹಾಲ್‌ಗೆ ಒಂದೇ ನೆಗೆತಕ್ಕೆ ಬರುವುದು ಕಷ್ಟ ಅನ್ನುವ ತಿಳಿವಳಿಕೆ ಅದರ ಹಿಂದಿತ್ತು. 1982ರಲ್ಲಿ ಅರ್ಜೆಂಟೀನಾ ವಿರುದ್ಧ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧ ಮುಗಿಸಿದ ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯವರು ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಊರು ಸೇರಿದರು. ಜೊತೆಗಿದ್ದವರ ಹತ್ತಿರ ಮಾತಾಡಿ ಹಗುರಾಗಲು ಅವರಿಗೆ ಸಮಯ ಸಿಕ್ಕಿತ್ತು. ವಿಮಾನದ ಕಾಲದಲ್ಲಿ ಆ ಸಮಯ ಇಲ್ಲ. ಹಾಗಾಗಿ ಅದನ್ನು ಮನೆಯೇ ಕೊಡಬೇಕು.

ಕೊಡುವುದು ಅಂದರೆ ದೊಡ್ಡದೇನಲ್ಲ. ಮೊದಲ ಮೂರು ದಿನ ಬೇರೆಯವರ ಮನೆ ಊಟ, ಸನ್ಮಾನ, ಮದುವೆ ಮನೆ, ಮಾಲ್ ಸುತ್ತಾಟ ಯಾವುದೂ ಬೇಡ. ನಿದ್ದೆಗೆ ಟೈಮ್ ಕೊಡಿ. ರಾತ್ರಿ ಕಾವಲು ಕಾದವರು, ಬೇರೆ ಟೈಮ್ ಝೋನ್‌ನಿಂದ ಬಂದವರು ನಡುರಾತ್ರಿ ಎದ್ದು ಕೂರಬಹುದು, ಮಧ್ಯಾಹ್ನ ಊಟದ ಮಧ್ಯೆ ತೂಕಡಿಸಬಹುದು. ಊಟಕ್ಕೆ ಐದೇ ನಿಮಿಷ ಸಾಕಾಗಬಹುದು. "ನಿಧಾನಕ್ಕೆ ತಿನ್ನಿ, ಯಾರೂ ಕಿತ್ಕೊಳ್ಳಲ್ಲ" ಅಂತ ತಮಾಷೆ ಮಾಡಬೇಕು ಅನ್ನಿಸಿದರೂ ಮೊದಲ ವಾರ ಬಿಟ್ಟುಬಿಡಿ.

ನೋಡಲು ಬರುತ್ತೇವೆ ಅನ್ನುವವರಿಗೆ ಮುಂದಿನ ವಾರದ ದಿನ ಹೇಳಿ. ಮುಖ ಸಣ್ಣಗೆ ಮಾಡಿಕೊಂಡರೆ ಮಾಡಿಕೊಳ್ಳಲಿ.

ಹಂತ 3: ಮೈಯಲ್ಲಿ ಉಳಿದಿರುವ ತರಬೇತಿಯನ್ನು ಗುರುತಿಸಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯವರು ಜಾಸ್ತಿ ತಪ್ಪು ತಿಳಿದುಕೊಳ್ಳುವುದು ಇಲ್ಲೇ.

ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯವರು ಬ್ಯಾಟಲ್‌ಮೈಂಡ್ ಅನ್ನುವ ತರಬೇತಿಯನ್ನು ರೂಪಿಸಿದ್ದರು. ಅದರ ತಿರುಳು ಇದು: ಅಲ್ಲಿ ಜೀವ ಉಳಿಸಿದ ಅಭ್ಯಾಸಗಳೇ, ಬದಲಾಯಿಸಿಕೊಳ್ಳದಿದ್ದರೆ, ಇಲ್ಲಿ ತೊಂದರೆ ಕೊಡುತ್ತವೆ. ಅಲ್ಲಿ ಸದಾ ಎಚ್ಚರವಾಗಿರುವುದು ಒಳ್ಳೆಯದು. ಇಲ್ಲಿ ಅದೇ ಎಚ್ಚರ ನಿದ್ದೆ ಕೆಡಿಸುತ್ತದೆ. ಅಲ್ಲಿ ಭಾವನೆಯನ್ನು ಅದುಮಿಟ್ಟುಕೊಂಡವರು ಕೆಲಸ ಮಾಡಬಲ್ಲರು. ಇಲ್ಲಿ ಅದೇ ಕಲ್ಲು ಮನಸ್ಸಿನ ಹಾಗೆ ಕಾಣುತ್ತದೆ. ಅಲ್ಲಿ ಯಾವುದನ್ನೂ ಬಾಯಿಬಿಡದಿರುವುದು ನಿಯಮ. ಇಲ್ಲಿ "ಎಲ್ಲಿಗೆ ಹೋಗ್ತಿದ್ದೀರಿ?" ಅಂದರೂ ಉತ್ತರ ಬರುವುದಿಲ್ಲ. ಅಲ್ಲಿ ಹೇಳಿದ ತಕ್ಷಣ ಕೆಲಸ ಆಗಬೇಕು. ಇಲ್ಲಿ ಎಂಟು ವರ್ಷದ ಮಗ ಶೂ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಂಡರೆ ಸಿಟ್ಟು ನೆತ್ತಿಗೇರುತ್ತದೆ.

ಆದ್ದರಿಂದ ವಿಚಿತ್ರ ಅನ್ನಿಸುವ ನಡವಳಿಕೆ ಕಂಡಾಗ "ಇವರಿಗೆ ಏನಾಗಿದೆ?" ಅಂತ ಕೇಳುವ ಮುಂಚೆ "ಇದು ಅಲ್ಲಿ ಯಾಕೆ ಬೇಕಾಗಿತ್ತು?" ಅಂತ ಯೋಚಿಸಿ. ಅರ್ಧದಷ್ಟು ಗೊಂದಲ ಅಲ್ಲೇ ಕಳೆಯುತ್ತದೆ.

ನಿದ್ದೆಯಿಂದ ಎಬ್ಬಿಸುವ ರೀತಿ ನೋಡಿ. ಹತ್ತಿರ ಹೋಗಿ ಭುಜ ಅಲುಗಾಡಿಸಬೇಡಿ. ಕೈ ಬೀಸಿದರೆ ಅದು ಹೊಡೆತ ಅಂತ ಅವರಿಗೇ ಗೊತ್ತಿರುವುದಿಲ್ಲ, ಆಮೇಲೆ ಇಬ್ಬರಿಗೂ ಸಂಕಟ. ಬಾಗಿಲ ಹತ್ತಿರ ನಿಂತು ಮಾಮೂಲಿ ದನಿಯಲ್ಲಿ ಹೆಸರು ಹಿಡಿದೋ, ದಿನಾ ಕರೆಯುವ ರೀತಿಯಲ್ಲೋ ಕರೆಯಿರಿ. ಎಚ್ಚರಾಗದಿದ್ದರೆ ಲೈಟ್ ಹಾಕಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ: "ಅಪ್ಪ ಮಲಗಿದ್ರೆ ಮೇಲೆ ಹಾರಬೇಡ. ಬಾಗಿಲ ಹತ್ರ ನಿಂತು ಕೂಗು, ಎದ್ದ ಮೇಲೆ ಹೋಗು." ಹೆದರಿಸುವ ಹಾಗೆ ಬೇಡ, ಆಟದ ನಿಯಮ ಹೇಳುವ ಹಾಗೆ ಹೇಳಿ.

ಗಾಡಿ ಓಡಿಸುವುದು ಎರಡನೆಯದು. ರಸ್ತೆ ಬದಿ ಬಾಂಬ್ ಇರಬಹುದಾದ ಕಡೆ ಓಡಿಸಿದವರು ನಡುರಸ್ತೆಯಲ್ಲೇ ವೇಗವಾಗಿ ಹೋಗುತ್ತಾರೆ, ನಿಲ್ಲಿಸಲು ಹಿಂಜರಿಯುತ್ತಾರೆ, ಬದಿಯಲ್ಲಿ ಬಿದ್ದ ಚೀಲ ಕಂಡರೆ ಸ್ಟೇರಿಂಗ್ ಸರಕ್ಕನೆ ತಿರುಗಿಸುತ್ತಾರೆ. ಮೊದಲ ಕೆಲವು ವಾರ ಸಂಗಾತಿಯೇ ಓಡಿಸಲಿ. ಇದು ಸ್ವಾಭಿಮಾನದ ವಿಷಯ ಆಗುವ ಮುಂಚೆ, ಮೊದಲ ದಿನವೇ "ಸ್ವಲ್ಪ ದಿನ ನಾನೇ ಓಡಿಸ್ತೀನಿ, ನೀವು ಆರಾಮಾಗಿ ಕೂತ್ಕೊಳ್ಳಿ" ಅಂದುಬಿಡಿ. ಆಮೇಲೆ ಖಾಲಿ ರಸ್ತೆ, ಹಗಲು ಹೊತ್ತು, ಹತ್ತಿರದ ದಾರಿಯಿಂದ ಶುರುಮಾಡಬಹುದು.

ಜನಜಂಗುಳಿಯೂ ಹೀಗೇ. ಹೋಟೆಲ್‌ನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಕಡೆ ಕೂರುತ್ತಾರೆ. ಕೂರಲಿ ಬಿಡಿ. ಅದರಿಂದ ಯಾರಿಗೂ ನಷ್ಟವಿಲ್ಲ. ಪಟಾಕಿ, ಜೋರಾಗಿ ಬಡಿಯುವ ಬಾಗಿಲು, ಕೆಳಗೆ ಬಿದ್ದ ಪಾತ್ರೆಗೆ ಬೆಚ್ಚಿಬಿದ್ದರೆ ನಗಬೇಡಿ. ಪಟಾಕಿ ಹೊಡೆಯುವ ದಿನ ಯಾವುದು ಅಂತ ಗೊತ್ತಿದ್ದರೆ ಮೊದಲೇ ಹೇಳಿ. ಮೊದಲೇ ಗೊತ್ತಿರುವ ಸದ್ದಿಗೆ ಮೈ ಅಷ್ಟಾಗಿ ಬೆಚ್ಚುವುದಿಲ್ಲ.

ಇನ್ನೊಂದು, ಯಾರೂ ನೆನಪಿಸದ ವಿಷಯ: ಕಿವಿ. ಗುಂಡಿನ ಸದ್ದು, ಸ್ಫೋಟ, ಇಂಜಿನ್‌ಗಳ ಅಬ್ಬರದಿಂದ ಕೇಳುವ ಶಕ್ತಿ ಕುಗ್ಗುವುದು ಮತ್ತು ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ನಿಲ್ಲದಿರುವುದು ಸೈನಿಕರಲ್ಲಿ ಬಹಳ ಸಾಮಾನ್ಯ. ಮನೆಯಲ್ಲಿ ಅದು ಹೇಗೆ ಕಾಣುತ್ತದೆ ಗೊತ್ತಾ? ಟಿವಿ ಸದ್ದು ಜಾಸ್ತಿ. ಅಡುಗೆಮನೆಯಿಂದ ಎರಡು ಸಲ ಕರೆದರೂ ಉತ್ತರ ಇಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಎದ್ದು ಹೊರಗೆ ಹೋಗುತ್ತಾರೆ. ಹೆಂಡತಿಗೆ "ನನ್ನ ಮಾತಿಗೆ ಬೆಲೆಯೇ ಇಲ್ಲ" ಅನ್ನಿಸುತ್ತದೆ, ಮಗಳಿಗೆ "ಅಪ್ಪಂಗೆ ನಾನು ಬೇಡ" ಅನ್ನಿಸುತ್ತದೆ. ಅಸಲಿಗೆ ಅವರಿಗೆ ಕೇಳಿಸಿಯೇ ಇರುವುದಿಲ್ಲ. ಬಂದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ ಮಾಡಿಸಿ. ಎಷ್ಟೋ ಮುನಿಸು ಅಲ್ಲಿಗೇ ಮುಗಿಯುತ್ತದೆ.

ಸ್ಫೋಟದ ಹತ್ತಿರ ಇದ್ದವರಿಗೆ ಗಾಯ ಕಾಣದಿದ್ದರೂ ತಲೆಗೆ ಪೆಟ್ಟಾಗಿರಬಹುದು. ಮರೆವು, ತಲೆನೋವು, ಬೆಳಕು ತಡೆಯದಿರುವುದು, ಕಾರಣವಿಲ್ಲದ ಸಿಡುಕು ಇದ್ದರೆ "ಸ್ಫೋಟ ಆದಾಗ ಹತ್ತಿರ ಇದ್ದರು" ಅನ್ನುವುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಹಂತ 4: ಮನೆಯ ಹೊಣೆಯನ್ನು ಮತ್ತೆ ಹಂಚಿಕೊಳ್ಳಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ. ದುಃಸ್ವಪ್ನಕ್ಕಿಂತ ಜಾಸ್ತಿ ಮನೆಗಳು ಕರೆಂಟ್ ಬಿಲ್ ವಿಷಯಕ್ಕೆ ಒಡೆಯುತ್ತವೆ ಅಂದರೆ ಅತಿಶಯೋಕ್ತಿ ಇರಬಹುದು, ಆದರೆ ಜಾಸ್ತಿ ಅಲ್ಲ.

ಎರಡು ಥರದ ತಪ್ಪು ನಡೆಯುತ್ತವೆ. ಒಂದು, ಬಂದವರು ಮಾರನೇ ದಿನವೇ ಯಜಮಾನಿಕೆ ಕೈಗೆ ತೆಗೆದುಕೊಳ್ಳುವುದು. "ಮಕ್ಕಳು ಇಷ್ಟೊತ್ತು ಮೊಬೈಲ್ ನೋಡೋದಾ? ಇಷ್ಟು ಖರ್ಚು ಯಾಕಾಯ್ತು?" ಒಂದೊಂದು ಪ್ರಶ್ನೆಯೂ ಮನೆ ನಡೆಸಿದವರಿಗೆ ತಪಾಸಣೆ ಮಾಡಿದ ಹಾಗೆ ಕೇಳಿಸುತ್ತದೆ. ಇನ್ನೊಂದು, ಮನೆಯಲ್ಲಿದ್ದವರು "ಅಬ್ಬಾ, ಇನ್ನು ನೀವೇ ನೋಡ್ಕೊಳ್ಳಿ" ಅಂತ ಎಲ್ಲವನ್ನೂ ಒಂದೇ ದಿನ ಅವರ ತಲೆಗೆ ಕಟ್ಟುವುದು, ಇಲ್ಲವೇ ಯಾವುದನ್ನೂ ಬಿಟ್ಟುಕೊಡದಿರುವುದು. ಬಿಟ್ಟುಕೊಡದಿದ್ದರೆ ಬಂದವರು ತಮ್ಮ ಮನೆಯಲ್ಲೇ ನೆಂಟರಾಗುತ್ತಾರೆ. ಕೆಲಸವಿಲ್ಲದ ನೆಂಟರು ಬೇಗ ಬೇಸತ್ತು ಗೆಳೆಯರ ಜೊತೆ ಹೊರಗೆ ಹೋಗಲು ಶುರುಮಾಡುತ್ತಾರೆ.

ಹೀಗೆ ಮಾಡಿ. ಮೊದಲ ಎರಡು ವಾರ ಬಂದವರು ಸುಮ್ನೆ ನೋಡಲಿ. ಬೆಳಗ್ಗೆ ಮನೆ ಹೇಗೆ ಏಳುತ್ತದೆ, ಮಕ್ಕಳು ಹೇಗೆ ಹೊರಡುತ್ತಾರೆ, ಹೋಂವರ್ಕ್ ಯಾರು ನೋಡುತ್ತಾರೆ. ಸಲಹೆ ಬೇಡ. ಕೇಳಿದ ಕೆಲಸ ಮಾಡಿದರೆ ಸಾಕು.

ಎರಡು ವಾರ ಆದ ಮೇಲೆ, ಮಕ್ಕಳು ಮಲಗಿದ ಹೊತ್ತಿನಲ್ಲಿ, ಇಬ್ಬರೂ ಕೂತು ಮನೆಯ ಕೆಲಸಗಳ ಪಟ್ಟಿ ಮಾಡಿ. ದುಡ್ಡು, ಮಕ್ಕಳ ಸ್ಕೂಲ್, ಅಡುಗೆ, ಸಾಮಾನು ತರುವುದು, ಅಪ್ಪ ಅಮ್ಮನ ಔಷಧಿ, ಗಾಡಿ ಸರ್ವಿಸ್, ಮಕ್ಕಳಿಗೆ ಶಿಸ್ತು ಹೇಳುವುದು. ಒಂದೊಂದರ ಮುಂದೆಯೂ ಮೂರರಲ್ಲಿ ಒಂದು ಬರೆಯಿರಿ: "ನನ್ನ ಹತ್ರನೇ ಇರಲಿ", "ನೀವು ತಗೊಳ್ಳಿ", "ಇಬ್ಬರೂ ಮಾಡೋಣ". ಹೋಗುವ ಮುಂಚೆ ಯಾರು ಮಾಡುತ್ತಿದ್ದರು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಬ್ಯಾಂಕ್ ಕೆಲಸ ಹೆಂಡತಿಗೆ ಈಗ ಚೆನ್ನಾಗಿ ಕೈಹಿಡಿದಿದ್ದರೆ ಅವರ ಹತ್ತಿರವೇ ಇರಲಿ. ಗಂಡಸಿನ ಕೆಲಸ, ಹೆಂಗಸಿನ ಕೆಲಸ ಅನ್ನುವ ಗೆರೆ ಅವರಿಲ್ಲದಿದ್ದಾಗ ಹೇಗೂ ಅಳಿಸಿಹೋಗಿತ್ತಲ್ವಾ, ಮತ್ತೆ ಯಾಕೆ ಎಳೆಯಬೇಕು? ಡ್ಯೂಟಿ ಮುಗಿಸಿ ಬಂದವರು ಹೆಂಡತಿಯಾಗಿದ್ದರೂ ಇದೇ ಮಾತು. ಅಪ್ಪ ಜಡೆ ಹಾಕುವುದನ್ನು ಕಲಿತಿದ್ದರೆ, ಮಗಳು ಅಪ್ಪನೇ ಹಾಕಲಿ ಅಂತ ಹಟ ಮಾಡಿದರೆ, ಅಮ್ಮನಿಗೆ ಒಳಗೊಳಗೇ ಚುಚ್ಚುತ್ತದೆ. ಆದರೂ ಸ್ವಲ್ಪ ದಿನ ಅಪ್ಪನೇ ಹಾಕಲಿ.

ಕೆಲಸ ಕೊಟ್ಟ ಮೇಲೆ ಪೂರ್ತಿ ಕೊಡಿ. ಸಾಮಾನು ತರಲು ಕಳಿಸಿ, ಬಂದ ಮೇಲೆ "ಇದ್ಯಾಕೆ ತಂದ್ರಿ, ನಾವು ಇದನ್ನ ಬಳಸೋದು ಬಿಟ್ಟು ಎಷ್ಟೋ ದಿನ ಆಯ್ತು" ಅಂದರೆ ಮುಂದಿನ ಸಲ ಹೋಗುವುದಿಲ್ಲ. ವಾರಕ್ಕೊಂದು ಸಲ ಇಪ್ಪತ್ತು ನಿಮಿಷ ಈ ಪಟ್ಟಿ ಇಟ್ಟುಕೊಂಡು ಕೂರಿ. ಏನು ಸರಿಹೋಯ್ತು, ಏನು ಬದಲಾಯಿಸಬೇಕು, ಅಷ್ಟೇ ಮಾತು. ಹಳೇ ಲೆಕ್ಕ ತೆಗೆಯಬೇಡಿ.

ಹಳೇ ಲೆಕ್ಕ ಅಂದಾಗ ಒಂದು ಜಗಳ ನೆನಪಾಗುತ್ತದೆ. ಯಾವ ಮನೆಯೂ ಇದರಿಂದ ತಪ್ಪಿಸಿಕೊಂಡಂತಿಲ್ಲ. "ನಾನು ಅಲ್ಲಿ ಜೀವ ಪಣಕ್ಕಿಟ್ಟಿದ್ದೆ, ನಿನಗೇನು ಗೊತ್ತು." "ನಿಮಗೇನು ಗೊತ್ತು, ಮಗೂಗೆ ಜ್ವರ ಬಂದಾಗ ಇಡೀ ರಾತ್ರಿ ಒಬ್ಬಳೇ ಕೂತಿದ್ದೆ." ಯಾರು ಜಾಸ್ತಿ ಕಷ್ಟಪಟ್ಟರು ಅನ್ನುವ ಪೈಪೋಟಿಯಲ್ಲಿ ಗೆದ್ದವರಿಗೂ ಏನೂ ಸಿಗುವುದಿಲ್ಲ. ಆ ಮಾತು ಶುರುವಾದರೆ, "ನಿನಗೆ ಆ ರಾತ್ರಿ ಹೇಗಿತ್ತು, ಹೇಳು" ಅಂತ ಕೇಳಿ ಸುಮ್ಮನಾಗಿ. ಇನ್ನೊಬ್ಬರ ಕಷ್ಟ ಪೂರ್ತಿ ಕೇಳಿಸಿಕೊಂಡ ಮೇಲೆ ನಿಮ್ಮದನ್ನು ಹೇಳುವ ಅವಸರ ತಾನಾಗಿ ಕಮ್ಮಿಯಾಗುತ್ತದೆ.

ಹಂತ 5: ಮಕ್ಕಳು ಬರುವವರೆಗೆ ಕಾಯಿರಿ

ಮಕ್ಕಳ ವಿಷಯದಲ್ಲಿ ಒಂದೇ ಸೂತ್ರ: ನೀವು ಹೋಗಿ ಎತ್ತಿಕೊಳ್ಳಬೇಡಿ, ಅವರು ಬರಲಿ.

ಒಂದು ವರ್ಷದೊಳಗಿನ ಮಗುವಿಗೆ ನೀವು ಅಪರಿಚಿತರು. ಎತ್ತಿಕೊಂಡರೆ ಕಿರುಚಿ ಅಳುತ್ತದೆ. ನೆಲದ ಮೇಲೆ ಕೂತು, ಸಂಗಾತಿಯ ಮಡಿಲಲ್ಲಿ ಮಗು ಇರುವಾಗಲೇ ಮಾತಾಡಿಸಿ. ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ ಪಕ್ಕದಲ್ಲಿರಿ. ಒಂದೆರಡು ವಾರದಲ್ಲಿ ಕೈ ಚಾಚುತ್ತದೆ. ಎರಡು ಮೂರು ವರ್ಷದವರು ಅಮ್ಮನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ. ಅವರ ಕಣ್ಣಿನ ಎತ್ತರಕ್ಕೆ ಬಗ್ಗಿ ಕೂತು, ಅವರ ಆಟದ ಸಾಮಾನಿನ ಬಗ್ಗೆ ಮಾತಾಡಿ. ಯೂನಿಫಾರ್ಮ್‌ನಲ್ಲಿರುವ ಎತ್ತರದ ಮನುಷ್ಯ ಮಗುವಿಗೆ ಹೇಗೆ ಕಾಣಬಹುದು ಅಂತ ಒಮ್ಮೆ ಯೋಚಿಸಿ.

ಮೂರರಿಂದ ಐದು ವರ್ಷದ ಮಕ್ಕಳು ತಮ್ಮಿಂದಲೇ ಅಪ್ಪನೋ ಅಮ್ಮನೋ ಮನೆ ಬಿಟ್ಟು ಹೋದರು ಅಂದುಕೊಂಡಿರಬಹುದು. "ನೀನು ಒಳ್ಳೇ ಹುಡುಗ ಆಗಿರು, ಬೇಗ ಬರ್ತಾರೆ" ಅಂತ ನಾವೇ ಹೇಳಿರುತ್ತೇವಲ್ಲ! "ನಾನು ಹೋಗಿದ್ದು ನನ್ನ ಕೆಲಸಕ್ಕೆ, ನೀನು ಏನೂ ತಪ್ಪು ಮಾಡಿಲ್ಲ" ಅಂತ ಬಿಡಿಸಿ ಹೇಳಿ. ಹಾಸಿಗೆ ಒದ್ದೆ ಮಾಡುವುದು, ಮಗುವಿನ ಥರ ಮಾತಾಡುವುದು ಮತ್ತೆ ಶುರುವಾದರೆ ಬೈಯಬೇಡಿ, ತಾನಾಗಿ ನಿಲ್ಲುತ್ತದೆ.

ಶಾಲೆಗೆ ಹೋಗುವ ಮಕ್ಕಳ ಜೊತೆ ಇರುವುದು ಸುಲಭ. ಇಡೀ ವರ್ಷದ ನೋಟ್‌ಬುಕ್, ಚಿತ್ರ, ಬಹುಮಾನ ಎಲ್ಲ ತಂದು ಸುರಿಯುತ್ತಾರೆ. ಕೂತು ಎಲ್ಲವನ್ನೂ ನೋಡಿ. ಒಂದನ್ನೂ ಬಿಡಬೇಡಿ.

ಕಷ್ಟ ಇರುವುದು ಹದಿಹರೆಯದವರ ಹತ್ತಿರ. "ಹಾಂ, ಬಂದ್ರಾ?" ಅಂದು ಕೋಣೆಗೆ ಹೋಗುತ್ತಾರೆ. ಅವರಿಗೆ ಸಿಟ್ಟಿರುತ್ತದೆ. ಹುಟ್ಟುಹಬ್ಬ, ಪರೀಕ್ಷೆ, ಮ್ಯಾಚ್ ಯಾವುದಕ್ಕೂ ನೀವಿರಲಿಲ್ಲ. ಜೊತೆಗೆ, ಇಷ್ಟು ದಿನ ದೊಡ್ಡವರ ಹಾಗೆ ಮನೆಗೆ ಹೆಗಲು ಕೊಟ್ಟವರನ್ನು ನೀವು ಬಂದು ಮತ್ತೆ ಚಿಕ್ಕವರನ್ನಾಗಿ ಮಾಡುತ್ತಿದ್ದೀರಿ. ತಂಗಿಯನ್ನು ಸ್ಕೂಲಿಗೆ ಬಿಡುತ್ತಿದ್ದ ಹದಿನೈದರ ಹುಡುಗನಿಗೆ ಆ ಕೆಲಸ ಬೇಕಾ ಬೇಡವಾ ಅಂತ ಕೇಳಿ, ಕಿತ್ತುಕೊಳ್ಳಬೇಡಿ. "ನೀನಿದ್ದಿದ್ದಕ್ಕೆ ಅಮ್ಮಂಗೆ ಆಸರೆ ಆಯ್ತು" ಅಂತ ಒಂದು ಸಲ ಬಾಯಿಬಿಟ್ಟು ಹೇಳಿ.

ಶಿಸ್ತಿನ ವಿಷಯದಲ್ಲಿ ಮೊದಲ ಒಂದು ತಿಂಗಳು ಮನೆಯಲ್ಲಿದ್ದವರ ನಿಯಮವೇ ನಡೆಯಲಿ. ಮಕ್ಕಳ ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರು ತಳ್ಳಿಹಾಕಬೇಡಿ. ಉಡುಗೊರೆ ಕೊಟ್ಟು ಹತ್ತಿರ ಮಾಡಿಕೊಳ್ಳಲು ಹೊರಟರೆ ಮಕ್ಕಳು ಉಡುಗೊರೆ ತೆಗೆದುಕೊಂಡು ದೂರವೇ ಉಳಿಯುತ್ತಾರೆ. ದಿನಾ ಒಂದು ಮಗುವಿನ ಜೊತೆ ಒಂದರ್ಧ ಗಂಟೆ ಒಬ್ಬರೇ ಇರುವುದು ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಹಂತ 6: ಮಾತೂ ಇರಲಿ, ಮೌನವೂ ಇರಲಿ

"ಅಲ್ಲಿ ಏನಾಯ್ತು?" ಅಂತ ಕೆದಕಬೇಡಿ. "ಯಾರನ್ನಾದರೂ ಕೊಂದಿದ್ದೀರಾ?" ಅನ್ನುವ ಪ್ರಶ್ನೆ ಮನೆಯವರ ಬಾಯಲ್ಲಿ ಬರಲೇಬಾರದು. ಮನೆಗೆ ಬಂದ ಚಿಕ್ಕಪ್ಪನೋ ಭಾವನೋ ಕೇಳಿದರೆ ನೀವೇ ಮಧ್ಯೆ ಬಂದು ಮಾತು ತಿರುಗಿಸಿ. "ಹೇಳಬೇಕು ಅನ್ನಿಸಿದಾಗ ಹೇಳಿ, ನಾನಿದ್ದೀನಿ" ಅಂದರೆ ಸಾಕು. ಅವರು ಹೇಳಲು ಶುರುಮಾಡುವುದು ಎದುರುಬದುರು ಕೂತಾಗ ಅಲ್ಲ. ಗಾಡಿಯಲ್ಲಿ ಹೋಗುವಾಗಲೋ, ತರಕಾರಿ ಹೆಚ್ಚುವಾಗಲೋ ಮಾತು ಹೊರಗೆ ಬರುತ್ತದೆ. ಆಗ ಕೈಕೆಲಸ ನಿಲ್ಲಿಸದೆ ಕೇಳಿಸಿಕೊಳ್ಳಿ. "ಹಾಗೆಲ್ಲ ಯೋಚಿಸಬೇಡಿ" ಅಂತ ಬಾಯಿ ಮುಚ್ಚಿಸಬೇಡಿ.

ಯೂನಿಟ್‌ನ ಗೆಳೆಯರ ಜೊತೆ ಗಂಟೆಗಟ್ಟಲೆ ಫೋನಿನಲ್ಲಿ ನಗುತ್ತಾರೆ, ನಿಮ್ಮ ಹತ್ತಿರ ನಾಲ್ಕು ಮಾತಿಲ್ಲ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಇವರು ಬಾಯಿಬಿಟ್ಟು ಹೇಳದೆಯೇ ಅರ್ಥ ಮಾಡಿಕೊಳ್ಳುವ ಜನ ಆ ಗೆಳೆಯರೇ. ಆ ನಂಟನ್ನು ಕಡಿಯಲು ಹೋಗಬೇಡಿ. ಅದಕ್ಕೊಂದು ಹೊತ್ತು, ಮನೆಗೊಂದು ಹೊತ್ತು ಅಂತ ಮಾಡಿಕೊಂಡರೆ ಸಾಕು.

ಬಂದವರಿಗೂ ಒಂದು ಮಾತು. ವಿವರ ಹೇಳಬೇಕಿಲ್ಲ. ಆದರೆ ಸುಮ್ಮನಿರುವುದಕ್ಕೆ ಕಾರಣ ಹೇಳಿ. "ಇವತ್ತು ಮನಸ್ಸು ಸರಿಯಿಲ್ಲ, ನಿನ್ನ ಮೇಲೆ ಸಿಟ್ಟಲ್ಲ, ಒಂದು ಗಂಟೆ ಬಿಟ್ಟು ಮಾತಾಡ್ತೀನಿ" ಅನ್ನುವ ಮಾತಿಗೆ ಒಂದಿಡೀ ಸಂಜೆಯ ಜಗಳ ತಪ್ಪಿಸುವ ಶಕ್ತಿ ಇದೆ. ಒಂದು ಗಂಟೆ ಬಿಟ್ಟು ನಿಜವಾಗಿಯೂ ಮಾತಾಡಿ.

ದಾಂಪತ್ಯದ ಸಲಿಗೆಯೂ ನಿಧಾನಕ್ಕೆ ಬರಲಿ. ಇಷ್ಟು ದಿನ ಕಾದಿದ್ದೇವೆ ಅಂದಮಾತ್ರಕ್ಕೆ ಮೈ ಮನಸ್ಸು ಮೊದಲ ರಾತ್ರಿಯೇ ಒಪ್ಪಬೇಕು ಅಂತೇನಿಲ್ಲ. ಹಾಸಿಗೆಯ ಮಧ್ಯದಲ್ಲಿ ಒಬ್ಬರೇ ಮಲಗಿ ಅಭ್ಯಾಸವಾದವರಿಗೆ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ನಿದ್ದೆಯೇ ಬರದಿರಬಹುದು. ವಾಕಿಂಗ್, ಮಾತು, ಒಟ್ಟಿಗೆ ಟೀ, ಇವೇ ಮೊದಲ ಮೆಟ್ಟಿಲು.

ಹಂತ 7: ದುಡ್ಡು ಮತ್ತು ಕುಡಿತ

ಡ್ಯೂಟಿಯಲ್ಲಿದ್ದಾಗ ಉಳಿದ ದುಡ್ಡು ಖಾತೆಯಲ್ಲಿರುತ್ತದೆ. ಬಂದ ಹುಮ್ಮಸ್ಸಿನಲ್ಲಿ ಬೈಕ್, ಕಾರು, ಸಾಲ ಮಾಡಿ ಸೈಟು, ನೆಂಟರಿಗೆ ಕೈಗಡ. ಮೂರು ತಿಂಗಳು ಯಾವ ದೊಡ್ಡ ಖರ್ಚೂ ಬೇಡ ಅಂತ ಇಬ್ಬರೂ ಮೊದಲೇ ಒಪ್ಪಿಕೊಳ್ಳಿ. ಕೆಲಸ ಬಿಡುವುದು, ಮನೆ ಬದಲಾಯಿಸುವುದು, ವಿಚ್ಛೇದನದ ಮಾತು, ಇವೂ ಆ ಮೂರು ತಿಂಗಳು ಕಾಯಲಿ. ಹೊಡೆತ ಬಡಿತ ಇದ್ದರೆ ಮಾತ್ರ ಈ ನಿಯಮ ಲಾಗೂ ಇಲ್ಲ, ಆಗ ಒಂದು ದಿನವೂ ಕಾಯಬೇಡಿ.

ತುಂಬಾ ದಿನ ಕುಡಿಯದೇ ಇದ್ದವರಿಗೆ ಮುಂಚಿನಷ್ಟು ಕುಡಿದರೆ ತಡೆಯುವುದಿಲ್ಲ. ನಿದ್ದೆ ಬರಲಿ ಅಂತ ಕುಡಿಯುವುದು ಅದಕ್ಕಿಂತ ಅಪಾಯ. ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ. ದಿನಾ ರಾತ್ರಿ ಒಂದು ಪೆಗ್ ಇಲ್ಲದೆ ಮಲಗಲಾಗುತ್ತಿಲ್ಲ ಅನ್ನುವ ಮಟ್ಟಕ್ಕೆ ಬಂದರೆ ಡಾಕ್ಟರ್ ಹತ್ತಿರ ಹೋಗುವ ಕಾಲ ಬಂದಿದೆ ಅಂತ ತಿಳಿಯಿರಿ.

ಹಂತ 8: ಸಹಾಯ ಯಾವಾಗ ಬೇಕು ಅಂತ ತಿಳಿದಿರಿ

ಬಂದವರಲ್ಲಿ ಬಹುಪಾಲು ಜನ ಕೆಲವು ತಿಂಗಳಲ್ಲಿ ಮನೆಗೆ ಹೊಂದಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ. ಅಂಥ ಕೆಲವರಲ್ಲಿ ಯುದ್ಧ, ಅಪಘಾತ, ದಾಳಿಯಂಥ ಆಘಾತದ ನಂತರ ಒಂದು ಮಾನಸಿಕ ಕಾಯಿಲೆ ಉಳಿಯುತ್ತದೆ, ಅದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಇದನ್ನು ತನ್ನ ಕಾಯಿಲೆಗಳ ಕೈಪಿಡಿಗೆ ಸೇರಿಸಿತು. ನಾಲ್ಕು ಥರದ ಲಕ್ಷಣಗಳನ್ನು ನೋಡುತ್ತಾರೆ: ನಡೆದದ್ದು ಕನಸಿನಲ್ಲೋ ಎಚ್ಚರದಲ್ಲೋ ಮತ್ತೆ ಮತ್ತೆ ಬರುವುದು, ಅದನ್ನು ನೆನಪಿಸುವ ಜಾಗ, ಜನ, ಮಾತಿನಿಂದ ತಪ್ಪಿಸಿಕೊಳ್ಳುವುದು, ಮನಸ್ಸು ಮರಗಟ್ಟಿ ತಪ್ಪಿತಸ್ಥ ಭಾವ ಕಾಡುವುದು, ಸದಾ ಸೆಟೆದುಕೊಂಡು ಬೆಚ್ಚುತ್ತಾ ಸಿಡುಕುತ್ತಾ ಇರುವುದು. ಇವು ಒಂದು ತಿಂಗಳಿಗಿಂತ ಜಾಸ್ತಿ ಇದ್ದು, ಕೆಲಸ ಸಂಸಾರಕ್ಕೆ ಅಡ್ಡಿಯಾಗುತ್ತಿದ್ದರೆ ಮನೋವೈದ್ಯರನ್ನು ನೋಡಬೇಕು.

ಇಲ್ಲೊಂದು ಮೋಸ ಇದೆ. ಬಂದ ಹೊಸದರಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಇರಾಕ್‌ನಿಂದ ಬಂದ 88,235 ಅಮೆರಿಕನ್ ಸೈನಿಕರನ್ನು ಬಂದ ತಕ್ಷಣ ಒಮ್ಮೆ, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಪ್ರಶ್ನೆ ಕೇಳಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಎರಡನೇ ಸಲ ಮಾನಸಿಕ ತೊಂದರೆ ಹೇಳಿಕೊಂಡವರ ಸಂಖ್ಯೆ ಜಾಸ್ತಿಯಾಗಿತ್ತು. ಮನೆಯವರ ಜೊತೆ, ಆಪ್ತರ ಜೊತೆ ತಿಕ್ಕಾಟ ಅಂತ ಹೇಳಿದವರು ಸುಮಾರು 4 ಪಟ್ಟು ಆಗಿದ್ದರು. ಬಂದ ವಾರ "ನಾನು ಚೆನ್ನಾಗಿದ್ದೀನಿ" ಅಂದದ್ದು ಸುಳ್ಳಲ್ಲ, ಆದರೆ ಅದು ಕೊನೆಯ ಉತ್ತರವೂ ಅಲ್ಲ. ಮೂರನೇ ತಿಂಗಳು ಮತ್ತು ಆರನೇ ತಿಂಗಳಿಗೆ ಮೊಬೈಲ್‌ನಲ್ಲಿ ರಿಮೈಂಡರ್ ಹಾಕಿಕೊಳ್ಳಿ. ಆ ದಿನ ನಿದ್ದೆ, ಸಿಟ್ಟು, ಕುಡಿತ, ಮಕ್ಕಳ ಜೊತೆಗಿನ ಒಡನಾಟ ಹೇಗಿದೆ ಅಂತ ಇಬ್ಬರೂ ಕೂತು ಮಾತಾಡಿ.

ಚಿಕಿತ್ಸೆ ಇದೆ, ಕೆಲಸವೂ ಮಾಡುತ್ತದೆ. ಆಘಾತದ ನೆನಪನ್ನೇ ನೇರವಾಗಿ ಎದುರಿಸುವ ಮಾತಿನ ಚಿಕಿತ್ಸೆಗಳಿವೆ, ಸರ್ಟ್ರಲಿನ್ ಮತ್ತು ಪ್ಯಾರಾಕ್ಸಿಟಿನ್‌ನಂಥ ಔಷಧಿಗಳಿವೆ. "ಹುಚ್ಚರ ಡಾಕ್ಟರ್ ಹತ್ರ ನಾನ್ಯಾಕೆ ಹೋಗ್ಲಿ" ಅನ್ನುವವರನ್ನು ನಿದ್ದೆಯ ಹೆಸರಿನಲ್ಲಿ ಕರೆದುಕೊಂಡು ಹೋಗಿ. ನಿದ್ದೆ ಬರುತ್ತಿಲ್ಲ ಅಂತ ಒಪ್ಪಿಕೊಳ್ಳಲು ಯಾರಿಗೂ ಅವಮಾನವಾಗುವುದಿಲ್ಲ. ಸಂಗಾತಿಗೂ ಖಿನ್ನತೆ, ಸುಸ್ತು ಬರಬಹುದು. ಅವರು ಬಂದ ಮೇಲೆ, ಇಷ್ಟು ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆಲ್ಲ ಸಡಿಲವಾಗಿ ನೀವೇ ಹಾಸಿಗೆ ಹಿಡಿದರೆ ಆಶ್ಚರ್ಯವಿಲ್ಲ. ನಿಮಗೂ ಡಾಕ್ಟರ್ ಬೇಕು.

"ನಾನಿಲ್ಲದಿದ್ರೆ ನೀವೆಲ್ಲ ಚೆನ್ನಾಗಿರ್ತೀರಿ" ಅನ್ನುವಂಥ ಮಾತು ಬಂದರೆ, ಅಚ್ಚುಮೆಚ್ಚಿನ ವಸ್ತುಗಳನ್ನು ಹಂಚಲು ಶುರುಮಾಡಿದರೆ, ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ನಂಬಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಬಂದೂಕು ಇದ್ದರೆ ಅದನ್ನು ಬೇರೆ ಕಡೆ ಸಾಗಿಸಿ. ಮಾತ್ರೆಗಳನ್ನು ತೆಗೆದಿಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮ ದೇಶದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು, ಯೂನಿಟ್‌ನ ಕುಟುಂಬ ಕಲ್ಯಾಣ ವಿಭಾಗದ ನಂಬರು ಇವತ್ತೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಬೇಕಾದ ರಾತ್ರಿ ಹುಡುಕಲು ಕೈ ಓಡುವುದಿಲ್ಲ.

ಹಂತ 9: ಮತ್ತೆ ಹೊರಡುವ ಮುಂಚೆ

ಮದುವೆಯಾಗದವರು ಅಪ್ಪ ಅಮ್ಮನ ಮನೆಗೆ ಬರುತ್ತಾರೆ. ಅಲ್ಲಿ ಅವರು ಮತ್ತೆ ಮಗ, ಮಗಳು. "ಎಲ್ಲಿಗೆ ಹೋಗ್ತಿದ್ದೀಯ, ಎಷ್ಟೊತ್ತಿಗೆ ಬರ್ತೀಯ" ಅನ್ನುವ ಪ್ರಶ್ನೆ ಇಪ್ಪತ್ತು ಜನರ ತಂಡ ನಡೆಸಿ ಬಂದವರಿಗೆ ಕಸಿವಿಸಿ. ಬೇರೆ ಕೆಲಸದಲ್ಲಿದ್ದು, ಕರೆ ಬಂದಾಗ ಮಾತ್ರ ಸೇನೆಗೆ ಹೋಗುವ ಮೀಸಲು ಪಡೆಯವರಿಗೆ ಇನ್ನೊಂದು ಕಷ್ಟ: ವಾಪಸ್ ಹೋಗುವುದು ಮಾಮೂಲಿ ಆಫೀಸಿಗೆ. ಅಲ್ಲಿ ಯಾರಿಗೂ ಇವರು ಎಲ್ಲಿದ್ದರು ಅನ್ನುವುದರ ಅಂದಾಜೇ ಇರುವುದಿಲ್ಲ. ಇಂಥವರು ವಾರಕ್ಕೊಮ್ಮೆಯಾದರೂ ಯೂನಿಟ್‌ನವರ ಜೊತೆ ಮಾತಾಡುವ ಹಾಗೆ ನೋಡಿಕೊಳ್ಳಿ.

ಕೆಲವು ಮನೆಗಳಲ್ಲಿ ಎಲ್ಲ ಸರಿಹೋಗುವ ಹೊತ್ತಿಗೆ ಮುಂದಿನ ಆರ್ಡರ್ ಬಂದಿರುತ್ತದೆ. ಹೊರಡುವ ಒಂದೆರಡು ವಾರ ಮುಂಚೆ ಕಾರಣವಿಲ್ಲದೆ ಜಗಳ ಹೆಚ್ಚುತ್ತದೆ. ಸಿಟ್ಟಿನಲ್ಲಿ ಕಳಿಸುವುದು ಅಳುತ್ತಾ ಕಳಿಸುವುದಕ್ಕಿಂತ ಸುಲಭ, ಅದಕ್ಕೇ. ಗೊತ್ತಿದ್ದರೆ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆ ವಾರಗಳಲ್ಲೇ ಹಂತ 4ರ ಪಟ್ಟಿಯನ್ನು ಮತ್ತೆ ತೆಗೆಯಿರಿ. ಅವರ ಪಾಲಿನ ಕೆಲಸ ಯಾರಿಗೆ ಹೋಗುತ್ತದೆ ಅಂತ ಪಕ್ಕದಲ್ಲೇ ಬರೆಯಿರಿ. ಈ ಸಲ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನುವುದನ್ನೂ ಹಾಳೆಯ ಹಿಂದೆ ಬರೆದಿಡಿ. ಬ್ಯಾಂಕ್, ವಿಮೆ, ಆಸ್ಪತ್ರೆ ಕಾಗದಗಳ ಫೈಲಿನಲ್ಲೇ ಆ ಹಾಳೆಯೂ ಇರಲಿ, ಹಾಗಾದರೆ ಬೇಕಾದಾಗ ಕೈಗೆ ಸಿಗುತ್ತದೆ.